ಪಟದಲ್ಲಿ ನಿಂತವರು

ನನ್ನ ಗಂಡನ ಹೆಸರನ್ನು ನಾನು ಜನ್ಮದಲ್ಲಿ ಒಂದೇ ಸಲ ಬಾಯಿಬಿಟ್ಟು ಹೇಳಿದ್ದೇನೆ. ಅದೂ ಗುಟ್ಟಿನಲ್ಲಲ್ಲ; ಕಾರವಾರದ ಕಡಲದಂಡೆಯ ಮೈದಾನದಲ್ಲಿ, ಊರಿನ ದೊಡ್ಡವರೆಲ್ಲ ಕುರ್ಚಿಯಲ್ಲಿ ಕೂತಿದ್ದಾಗ. ಇಲ್ಲಿ ಬರೆಯುವಾಗಲೂ ಅದನ್ನು ಬರೆಯುವುದಿಲ್ಲ. ಒಂದು ಸಲ ಹೇಳಿದ್ದೇ ಸಾಕು.

ಮೂವತ್ತರ ದಶಕದ ಮೊದಲಲ್ಲಿ ನಾನು ಅಂಕೋಲೆಯ ಆ ಮನೆಗೆ ಸೊಸೆಯಾಗಿ ಬಂದೆ. ಅತ್ತೆ ಮಾವ ಆಗಲೇ ತೀರಿಹೋಗಿದ್ದರು. ಮನೆಯ ಯಜಮಾನರೆಂದರೆ ಇವರ ಅಣ್ಣ, ನನ್ನ ದೊಡ್ಡ ಭಾವ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ, ದೊಡ್ಡ ಭಾವನ ಹೆಸರು ಹೇಳಿದರೆ ಮರ್ಯಾದೆ ಹೋಗುತ್ತದೆ ಎಂದು ನನ್ನ ಅಬ್ಬೆ ಹೇಳಿಯೇ ಕಳಿಸಿದ್ದಳು. ನನಗೆ ಅದೇನೂ ಕಷ್ಟವಾಗಲಿಲ್ಲ. ‘ಇವರು’ ಅಂದರೆ ಯಾರು, ‘ಅವರು’ ಅಂದರೆ ಯಾರು ಎಂದು ಮನೆಯ ಎಮ್ಮೆಗೂ ಗೊತ್ತಿತ್ತು.

ಇವರು ಹುತುತು ಆಡುತ್ತಿದ್ದರು. ಈಗಿನ ಮಕ್ಕಳು ಕಬಡ್ಡಿ ಅನ್ನುತ್ತಾರಲ್ಲ, ಅದೇ. ಗದ್ದೆ ಕೊಯ್ಲು ಮುಗಿದರೆ ಸಾಕು, ಕಾರವಾರದ ಆಟದ ಮಂಡಳಿಯವರು ಹೇಳಿಕಳಿಸುತ್ತಿದ್ದರು. ಎಡಗೈ ಮುಂದೆ ಮಾಡಿ ನುಗ್ಗುತ್ತಿದ್ದುದರಿಂದ ಅಲ್ಲಿ ಎಲ್ಲರೂ ಇವರನ್ನು ‘ಎಡಚ’ ಅಂತಲೇ ಕರೆಯುತ್ತಿದ್ದರು. ದಮ್ಮು ಹಿಡಿದು ಒಳಗೆ ಹೋದರೆ ಎದುರಿನವರಲ್ಲಿ ಅರ್ಧ ಜನರನ್ನು ಮುಟ್ಟಿಯೇ ಹಿಂದೆ ಬರುತ್ತಿದ್ದರಂತೆ. ನಾನು ಕಣ್ಣಾರೆ ನೋಡಿದ್ದು ಕಡಿಮೆ. ನೋಡಿದಾಗಲೆಲ್ಲ ಅವರ ಉಸಿರಿನ ಜೊತೆ ನನ್ನ ಉಸಿರೂ ನಿಂತುಬಿಡುತ್ತಿತ್ತು.

ಹಾಗೆ ಆಡುತ್ತಿರುವಾಗಲೇ ಒಂದು ವರ್ಷ ಇವರ ಮೇಲೆ ಆರೇಳು ಜನ ಒಟ್ಟಿಗೆ ಬಿದ್ದು ಮೊಣಕಾಲು ಹೋಯಿತು. ಎಲುಬು ಕೂಡಿತು, ಆದರೆ ಕಾಲು ಮಡಚಲು ಬರಲಿಲ್ಲ. ಆಟ ಮುಗಿಯಿತು. ಇವರು ಬಾಯಿಬಿಟ್ಟು ಅಳುವ ಜನ ಅಲ್ಲ. ಸಂಜೆ ಬೇಲಿಯಾಚೆ ಹುಡುಗರು ಆಡುವ ಸದ್ದು ಕೇಳಿದರೆ ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದರು. 

ಅಷ್ಟರಲ್ಲಿ ಮಂಡಳಿಯವರು ಮೈದಾನದ ಬದಿಯ ತಮ್ಮ ಜಗಲಿಯ ಗೋಡೆಗೆ ಒಂದು ಸಾಗವಾನಿ ಹಲಗೆ ಹಾಕಿಸುತ್ತಾರೆ, ಹಿಂದಿನಿಂದ ಆಡಿದವರಲ್ಲಿ ಉತ್ತಮರ ಹೆಸರನ್ನು ಅದರ ಮೇಲೆ ಬಣ್ಣದಲ್ಲಿ ಬರೆಸುತ್ತಾರೆ ಎಂಬ ಸುದ್ದಿ ಬಂತು. ಆ ದಿನ ಇವರು ಎರಡು ಸಲ ಅನ್ನ ಹಾಕಿಸಿಕೊಂಡರು. ಆ ಹಲಗೆ ಬಿಟ್ಟರೆ ಆಟದಿಂದ ಇವರಿಗೆ ಉಳಿದದ್ದು ಕುಂಟು ಕಾಲು ಮಾತ್ರ.

ಒಂದು ಬೆಳಿಗ್ಗೆ ಮಂಡಳಿಯ ಸೆಕ್ರೆಟರಿ ನಮ್ಮ ಅಂಗಳಕ್ಕೆ ಬಂದರು. ಮನೆಮಾತು ಕೊಂಕಣಿಯವರು, ಅತ್ತಿಗೆಗೆ ವಹಿನಿ ಅನ್ನುವವರು. ಕಾರವಾರದ ಮೋಟಾರು ಬಸ್ಸು ಬಿಟ್ಟುಹೋಗುತ್ತದೆಂದು ಚಪ್ಪಲಿಯನ್ನೂ ಬಿಡಲಿಲ್ಲ. ಮನೆಯಲ್ಲಿ ನಾನೊಬ್ಬಳೇ. ಭಾವ ಪೇಟೆಗೆ ಹೋಗಿದ್ದರು.

“ವಹಿನಿ, ಎಡಚ ಇಲ್ವಾ?”

ನಾನು ಬಾಗಿಲ ಹಿಂದೆ ನಿಂತು, “ಹಿಲ್ಲೂರ ಬದಿಗೆ ಬಿದಿರು ನೋಡೂಕೆ ಹೋಗಾರೆ. ನಾಳಗೆ ಬತ್ರು” ಅಂದೆ.

“ನಾಳಗೆ ಆಗೂದಿಲ್ಲ. ಪೇಂಟರ್ ಕುಂಚ ಹಿಡ್ಕಂಡು ಕೂತಾನೆ. ಹಲಗೆ ಮೇಲೆ ಎಡಚ ಅಂತ ಬರಿಯೂಕೆ ಆಗ್ತದಾ? ಅವನ ಖರೆ ಹೆಸರು ಹೇಳಿ.”

“ಅಯ್ಯೋ, ನಾ ಹೆಂಗೆ ಹೇಳೂದು?”

ಅವರು ತಲೆ ಕೆರೆದುಕೊಂಡರು. ನನಗೆ ಆಗ ಜಗಲಿಯ ಗೋಡೆಯ ಮೇಲಿನ ಪಟ್ಟಾಭಿಷೇಕದ ಪಟ ಕಣ್ಣಿಗೆ ಬಿತ್ತು. ನಡುವೆ ಸಿಂಹಾಸನದ ಮೇಲೆ ಅಣ್ಣ, ಬದಿಯಲ್ಲಿ ಬಿಲ್ಲು ಹಿಡಿದು ನಿಂತ ತಮ್ಮ. ನಮ್ಮ ಮಾವ ಮಕ್ಕಳಿಬ್ಬರಿಗೂ ಆ ಪಟ ನೋಡಿಯೇ ಹೆಸರಿಟ್ಟದ್ದು. ನಾನು ಬಾಗಿಲ ಸಂದಿಯಿಂದ ಬೆರಳು ಚಾಚಿದೆ. “ಅಲ್ಲಿ ಅದೆ ನೋಡಿ. ಆ ಬದಿಗೆ...”

“ತಿಳೀತು, ತಿಳೀತು!” ಎಂದವರೇ ಧೂಳೆಬ್ಬಿಸುತ್ತ ಓಡಿದರು. ನಾನೂ ಒಂದು ದೊಡ್ಡ ಕೆಲಸ ಮುಗಿಯಿತೆಂದು ಒಲೆಯ ಕಡೆ ಹೋದೆ.

ನಾಲ್ಕಾರು ದಿನಗಳ ಮೇಲೆ ನೆರೆಮನೆಯವನು ಕಾರವಾರದ ಸಂತೆಯಿಂದ ಬಂದವನೇ ನಮ್ಮ ಭಾವನ ಬೆನ್ನಿಗೆ ಗುದ್ದಿದ. “ಏನಾ, ನೀ ಹುತುತು ಆಡಿದ್ದು ಯಾವಾಗಾ ಮಾರಾಯಾ? ಪೇಂಟರನ ಅಂಗಡೀಲಿ ನೋಡ್ದೆ, ಹಲಗೆ ಮೇಲೆ ನಿನ್ನ ಹೆಸರು ಬರದಾರಲ್ಲ!”

ನನ್ನ ಕೈಯಲ್ಲಿದ್ದ ತಂಬಿಗೆ ಬಿತ್ತು. ಆ ಸೆಕ್ರೆಟರಿ ಪುಣ್ಯಾತ್ಮ ಸಿಂಹಾಸನದ ಮೇಲೆ ಕೂತವನ ಹೆಸರನ್ನು ಬರೆಸಿಬಿಟ್ಟಿದ್ದ! ಆಟಗಾರನೆಂದರೆ ಬದಿಯಲ್ಲಿ ನಿಂತವನಾಗುವುದು ಹೇಗೆ, ನಡುವಿನವನೇ ಇರಬೇಕು ಅನ್ನಿಸಿರಬೇಕು. ಮನೆತನದ ಹೆಸರು ಇಬ್ಬರಿಗೂ ಒಂದೇ. ಊಟವಾದ ಮೇಲೆ ಜಗಲಿಯಲ್ಲಿ ಗೊರಕೆ ಹೊಡೆಯುವುದು ಬಿಟ್ಟು ಬೇರೆ ಆಟ ಗೊತ್ತಿಲ್ಲದ ನಮ್ಮ ಭಾವ ಉತ್ತಮ ಆಟಗಾರರಾದರು.

ಭಾವ ಮೊದಲು ನಕ್ಕರು. ಆಮೇಲೆ ಪೇಟೆಯಲ್ಲಿ ಜನ ಕರೆದು ಚಹಾ ಕುಡಿಸತೊಡಗಿದ ಮೇಲೆ ಮೀಸೆಗೆ ಎಣ್ಣೆ ಹಚ್ಚತೊಡಗಿದರು. ನನಗೆ ಮೈಯೆಲ್ಲ ಉರಿ. ಇವರನ್ನು ಹಿತ್ತಲಿಗೆ ಕರೆದು, “ಹೋಗಿ ಹೇಳೂದಲ್ವಾ?” ಅಂದೆ.

“ಅಣ್ಣನ ಹೆಸರು ಅಳಸಿ ನಂದು ಬರೀರಿ ಅಂತ ನಾ ಹೆಂಗೆ ಹೇಳ್ಲೆ? ನಂಗೆ ಬಾಯಿ ಬತ್ತಿಲ್ಲ. ಮನೆ ಹೆಸರು ಅದೆಯಲ್ಲ, ಸಾಕು ಬಿಡು.”

“ಸಾಕಂತೆ! ಕಾಲು ಮುರ್ಕಂಡದ್ದು ಮನೆಯಾ, ನೀವಾ?”

ಇವರು ಕೊಟ್ಟಿಗೆಗೆ ಹೋದರು.

ಹಲಗೆಯ ಮುಸುಕು ತೆಗೆದು ತೋರಿಸುವ ದಿನ ಎಲ್ಲರೂ ಮೋಟಾರಿನಲ್ಲಿ ಕಾರವಾರಕ್ಕೆ ಹೋದೆವು. ಇವರು ಪ್ರತಿ ಹೊಂಡಕ್ಕೂ ಕಾಲು ಹಿಡಿದುಕೊಂಡು ‘ಅಮ್ಮಾ’ ಅನ್ನುತ್ತಿದ್ದರು. ಭಾವ ಇಸ್ತ್ರಿ ಮಾಡಿಸಿದ ಕೋಟು ಹಾಕಿದ್ದರು.

ಹಲಗೆಯ ಬಟ್ಟೆ ಸರಿಸಿದರು. ಸೆಕ್ರೆಟರಿ ಹೆಸರು ಓದುತ್ತ ಹೋದರು. ನಮ್ಮ ಭಾವನ ಹೆಸರು ಬಂದಾಗ ಭಾವ ಎದ್ದು ಹೋಗಿ ಶಾಲು, ತೆಂಗಿನಕಾಯಿ ಹಿಡಿದರು. ಸೆಕ್ರೆಟರಿಯೂ ಇವರ ಜೊತೆ ಆಡಿದವರೂ, ಕುಂಟುವ ತಮ್ಮನ ಬದಲು ಅಣ್ಣ ಬಂದಿದ್ದಾನೆ ಅಂದುಕೊಂಡು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಇವರೇ. ಅದನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂತು.

ಅಧ್ಯಕ್ಷರು ಒಬ್ಬ ಮುದಿ ವಕೀಲರು. ಆಟ ನೋಡಿದವರಲ್ಲ. ಅವರು ಭಾವನ ಕೈ ಹಿಡಿದು, “ಒಂದು ಸಲ ದಮ್ಮು ಹಿಡಿದು ತೋರಿಸಿ, ಹುಡುಗರು ಕೇಳಲಿ” ಅಂದರು.

ಭಾವನ ಮುಖ ಬಿಳಿಚಿತು. ಬೇಡ ಅನ್ನಲಾರದೆ “ಹುತುತುತು...” ಎಂದು ಶುರುಮಾಡಿದವರು ಅಲ್ಲಿಗೇ ಕೆಮ್ಮತೊಡಗಿದರು. ಹುಡುಗರು ಹೋ ಎಂದು ನಕ್ಕರು. “ಇಂವನಾ ಎಡಚಾ?” ಎಂದು ಒಬ್ಬ ಕೂಗಿದ. ಇವರು ತಲೆ ತಗ್ಗಿಸಿದರು. ಇವರು ಮುರಿದುಕೊಂಡ ಕಾಲಿಗೆ, ಇವರು ಹಿಡಿದ ಉಸಿರಿಗೆ ಆ ನಗು!

ನನಗೆ ತಡೆಯಲಿಲ್ಲ. ಹೆಂಗಸರ ಸಾಲಿನಲ್ಲಿ ಎದ್ದು ನಿಂತೆ. “ಎಡಚ ಅವರಲ್ಲ, ಇವರು! ಇವರ ಹೆಸರು...” ಎಂದು ಹೆಸರನ್ನು ಗಟ್ಟಿಯಾಗಿ ಹೇಳಿಬಿಟ್ಟೆ.

 ನಾನು ಇವರನ್ನೇ ನೋಡುತ್ತಿದ್ದೆ. ಎದೆ ಹಿಡಿದುಕೊಳ್ಳುತ್ತಾರೇನೋ, ಬೀಳುತ್ತಾರೇನೋ! ಇವರು ಬೀಳಲಿಲ್ಲ. ಕೋಲೂರಿ ಎದ್ದು ನಿಂತರು.

“ಅರೇ ದೇವಾ!” ಸೆಕ್ರೆಟರಿ ಹಣೆ ಚಚ್ಚಿಕೊಂಡರು. “ವಹಿನಿ, ನೀವು ತೋರಿಸಿದ್ದು ನಿಂತವನನ್ನಾ? ನಾ ಕೂತವನನ್ನ ಹಿಡದೆ!”

ಭಾವ ಏನನ್ನುತ್ತಾರೋ ಎಂದು ನಾನು ಕಲ್ಲಾಗಿದ್ದೆ. ಅವರು ಹೆಗಲ ಶಾಲು ತೆಗೆದು ತಮ್ಮನಿಗೆ ಹೊದಿಸಿದರು, ಕಾಯಿಯನ್ನೂ ಕೈಗಿಟ್ಟರು. “ಹಿಡಿ ಮಾರಾಯಾ. ನಂಗೆ ಇನ್ನೊಂದ್ಸಲ ಮಾಡು ಅಂದಿದ್ರೆ ಇಲ್ಲೇ ಸಾಯ್ತಿದ್ದೆ.” ಆಮೇಲೆ ನನ್ನ ಕಡೆ ತಿರುಗಿ, “ತಂಗೀ, ಜೀವ ಉಳಿಸ್ದೆ” ಅಂದರು. ಎಲ್ಲರೂ ಒಟ್ಟಿಗೆ ನಕ್ಕರು. ಆಗ ನನ್ನ ಎದೆಯಿಂದ ಬೀಸುಕಲ್ಲು ಇಳಿಸಿದ ಹಾಗಾಯಿತು. ಪೇಂಟರ್ ಚಿಮಣಿ ಎಣ್ಣೆಯ ಬಟ್ಟೆಯಿಂದ ಹೆಸರು ಒರೆಸಿ, ನಾವು ನೋಡುತ್ತಿರುವಾಗಲೇ ಹೊಸದನ್ನು ಬರೆದ.

ಹಿಂದೆ ಬರುವಾಗ ಮೋಟಾರು ಬಿಣಗಾ ಘಟ್ಟ ಹತ್ತುತ್ತಿತ್ತು. ಮುಂದಿನ ಸೀಟಿನಲ್ಲಿ ಭಾವನ ಗೊರಕೆ ಶುರುವಾಗಿತ್ತು. ಇವರು ಮೆಲ್ಲಗೆ ನನ್ನ ಕಡೆ ಬಾಗಿದರು.

“ಏ, ಇನ್ನೊಂದ್ಸಲ ಹೇಳೆ.”

“ಎಂತದು?”

“ನನ್ನ ಹೆಸರು. ಗಡಿಬಿಡೀಲಿ ಸರಿ ಕೇಳೂಕೇ ಸಿಕ್ಲಿಲ್ಲ. ಅಷ್ಟು ಚಂದ ಅದೆ ಅಂತ ನಂಗೇ ಗೊತ್ತಿರ್ಲಿಲ್ಲ.”

“ಹಲಗೆ ಮೇಲೆ ಬರದಾರಲ್ಲ, ಹೋಗಿ ಓದ್ಕಳಿ” ಅಂದೆ.

ಇವರು ಅವರ್ಸಾ ಬರುವವರೆಗೂ ನಗುತ್ತಲೇ ಇದ್ದರು. ದಾರಿಯ ಹೊಂಡಗಳೆಲ್ಲ ಅಲ್ಲಲ್ಲೇ ಇದ್ದವು. ಕಾಲು ನೋವು ಅಂತ ಒಂದು ಸಲವೂ ಅನ್ನಲಿಲ್ಲ.