ಸೋಲಾರ್ ಪ್ಯಾನೆಲ್ಲಿಗೆ ಇಟ್ಟ ಕುಂಕುಮ

ಇದನ್ನು ಬರೆಯಬೇಕೆಂದು ಕೂತು ಬೇರೆ ಏನೇನೋ ಬರೆದು ಎದ್ದಿದ್ದೇನೆ. ನಾಲೆಯ ಬಗ್ಗೆ ಬರೆದೆ, ನೌಕರಿಯ ಬಗ್ಗೆ ಬರೆದೆ, ಆ ಡಬ್ಬಿಯ ವಿಷಯ ಮಾತ್ರ ಮುಂದಕ್ಕೆ ಹಾಕುತ್ತಾ ಬಂದೆ. ಈಗ ವಯಸ್ಸಾಗಿದೆ, ಬರೆದ ಸಾಲು ಸೊಟ್ಟಗೆ ಹೋಗುತ್ತದೆ. ಇನ್ನೂ ತಡಮಾಡಿದರೆ ನನ್ನ ಅಕ್ಷರ ಯಾರಿಗೂ ಓದಲಾಗುವುದಿಲ್ಲ.

ಹೈಸ್ಕೂಲು ಮುಗಿಸಿ ನೀರುಗಂಟಿಯಾದವನು ನಾನು. ಹಿರೀಸಾವೆ ಕಡೆಯ ಒಂದು ಉಪನಾಲೆಯ ತೂಬಿನ ಹತ್ತಿರ, ಕಲ್ಲಿಗೆ ಬಡಿದಿದ್ದ ಅಳತೆಪಟ್ಟಿ ನೋಡಿ ನೀರಿನ ಮಟ್ಟ ತಿಳಿಸುವುದು ನನ್ನ ಕೆಲಸ. ಎರಡು ಸಾವಿರದ ಇಸವಿ ಕಳೆದ ಮೇಲೆ, ಅದಕ್ಕೊಂದು ಯಂತ್ರ ಇಟ್ಟು ನೋಡೋಣವೆಂದು ಇಂಜಿನಿಯರುಗಳಿಗೆ ಅನ್ನಿಸಿತು. ಯಂತ್ರ ಮಾಡಿಕೊಟ್ಟದ್ದು ಹಾಸನದ ಒಂದು ಸಣ್ಣ ಕಂಪನಿ. ಅಲ್ಲಿ ಆಗತಾನೇ ಸೇರಿದ್ದವಳು ನನ್ನ ಅಕ್ಕನ ಮಗಳು, ಹೊಳೆನರಸೀಪುರದಲ್ಲಿ ಬೆಳೆದು ಡಿಪ್ಲೊಮಾ ಓದಿದವಳು. ಭಾವ ತೀರಿಕೊಂಡಿದ್ದರು. ಮನೆ ಅವಳ ಮೇಲೇ ನಿಂತಿತ್ತು. ಈ ಸಲ ನಾಲೆಯ ನೀರು ನಿಲ್ಲುವವರೆಗೆ ಆ ಯಂತ್ರದ ಡಬ್ಬಿ ಕೆಡದೆ ನಡೆದರೆ ಕೆಲಸ ಕಾಯಂ ಎಂದು ಮಾಲೀಕರು ಹೇಳಿದ್ದರು.

ಡಬ್ಬಿಯೊಳಗೆ ಅಂಗೈಯಗಲದ ಒಂದು ಹಸಿರು ಹಲಗೆ. ಇಡೀ ಕಂಪ್ಯೂಟರೇ ಅದರ ಮೇಲಿದೆ ಎಂದಳು. ತೂಬಿನ ಹತ್ತಿರ ಕರೆಂಟಿಲ್ಲ. ಒಂದು ಬ್ಯಾಟರಿ, ಅದಕ್ಕೆ ಚಾರ್ಜು ತುಂಬಲು ಸ್ಲೇಟಿನಷ್ಟು ಸೋಲಾರ್ ಪ್ಯಾನೆಲ್ಲು. ದೊಡ್ಡದು ಹಾಕಿದರೆ ಯಾರಾದರೂ ಬಿಚ್ಚಿಕೊಂಡು ಹೋಗುತ್ತಾರೆ. ಹಾಗಾಗಿ ಹಲಗೆ ತಿನ್ನುವ ಕರೆಂಟನ್ನೇ ಇಳಿಸಬೇಕಿತ್ತು.

"ಕೆಲ್ಸ ಇಲ್ದಿದ್ರೂ ಇದು ತಿಂತಾನೇ ಇರ್ತದೆ ಕಣ್ ಮಾವ. ಇದಕ್ಕೆ ನಿದ್ದೆ ಮಾಡೋದು ಕಲಿಸ್ಬೇಕು."

"ನಮ್ಮಾಫೀಸಲ್ಲಿ ಯಾರ್ಗೂ ಕಲಿಸ್ಬೇಕಾಗಿಲ್ಲ ಕಣವ್ವ" ಎಂದೆ. ನಕ್ಕಳು.

ಭಾನುವಾರಗಳಲ್ಲೂ ಬಂದು ಏರಿಯ ಮೇಲೆ ಕೂತು ಕೆಲಸ ಮಾಡಿದಳು. ಮಿನುಗುವ ಕೆಂಪು ದೀಪಗಳನ್ನು ಕಿತ್ತಳು. ನೋಡುವವರಿಲ್ಲದ ದೀಪ ಯಾಕೆ ಎಂದಳು. ಅಂಕಿ ತೋರಿಸುವ ಪುಟ್ಟ ಪರದೆ ತೆಗೆದಳು. ಹಲಗೆ ಗಂಟೆಗೊಮ್ಮೆ ಎದ್ದು, ನೀರು ಅಳೆದು, ಅಂಕಿಯನ್ನು ತನ್ನೊಳಗೇ ಇಟ್ಟುಕೊಂಡು, ಮತ್ತೆ ಮಲಗುವ ಹಾಗೆ ಮಾಡಿದಳು. ಮಲಗಿದಾಗಲೂ ಕರೆಂಟು ಸೋರುತ್ತಿತ್ತು. ಬೆರಳಿಟ್ಟು ನೋಡಿ, ಬೆಚ್ಚಗಾಗುತ್ತಿದ್ದ ಒಂದು ಬಿಡಿಭಾಗವನ್ನು ಬದಲಿಸಿದಳು. ಮೀಟರಿನ ಅಂಕಿ ಇಳಿದಾಗ ನನ್ನನ್ನು ಕೂಗಿ ತೋರಿಸಿದಳು. ಇನ್ನು ಮೋಡವಿದ್ದರೂ ನಡೆಯುತ್ತದಂತೆ. ನನಗೆ ಹೇಳಿದ್ದು ಒಂದೇ, ಪ್ಯಾನೆಲ್ಲಿನ ಮೇಲೆ ಧೂಳು ಕೂರದಂತೆ ಒರೆಸುತ್ತಿರಬೇಕು. ಒರೆಸುತ್ತಿದ್ದೆ, ನನ್ನ ಕನ್ನಡಕಕ್ಕಿಂತ ಚೆನ್ನಾಗಿ.

ಆಯುಧಪೂಜೆ ಬಂತು. ಗೇಟಿನ ಚಕ್ರ, ಹಾರೆ, ಸೈಕಲ್ಲು ಎಲ್ಲಕ್ಕೂ ಪೂಜೆ ಮಾಡುವವನು ಮನೆಮಗಳು ಮಾಡಿದ ಡಬ್ಬಿಯನ್ನು ಬಿಡುತ್ತೇನೆಯೇ? ಆಕಾಶಕ್ಕೆ ಮುಖ ಮಾಡಿದ್ದ ಪ್ಯಾನೆಲ್ಲೇ ಅದರ ಹಣೆಯಂತೆ ಕಂಡಿತು. ಅಡ್ಡಡ್ಡ ವಿಭೂತಿ ಬಳಿದೆ, ಅರಿಸಿನ ಕಲಸಿ ಹಚ್ಚಿದೆ, ನಡುವೆ ಅಗಲವಾಗಿ ಕುಂಕುಮ ಇಟ್ಟೆ, ಚೆಂಡುಹೂವಿನ ಹಾರ ಹಾಕಿದೆ.

ಹೂ ಬಾಡಿದ ಮೇಲೆ ತೆಗೆದೆ. ಕುಂಕುಮ ಒರೆಸಲು ಮಾತ್ರ ಬಟ್ಟೆ ಹಿಡಿದ ಕೈ ಮುಂದಕ್ಕೆ ಹೋಗಲಿಲ್ಲ. ಪೂಜೆಯಲ್ಲಿ ಇಟ್ಟ ಕುಂಕುಮ ತಾನಾಗಿ ಉದುರಬೇಕು, ನಮ್ಮಲ್ಲಿ ಯಾರೂ ಒರೆಸುವುದಿಲ್ಲ. ಅಕ್ಕನ ಹಣೆಯದನ್ನು ಒರೆಸಿದ್ದನ್ನು ನಾನು ನೋಡಿದ್ದೆ. ಧೂಳು ಅಲ್ಲವಲ್ಲ, ಇರಲಿ ಎಂದುಕೊಂಡೆ.

ಆಮೇಲೆ ಮೋಡ ಕವಿದುಕೊಂಡಿತೇ ಹೊರತು ಮಳೆ ಹನಿಯಲಿಲ್ಲ. ಹನಿದಿದ್ದರೆ ತೊಳೆದಾದರೂ ಹೋಗುತ್ತಿತ್ತು. ದೀಪ ಕಿತ್ತ ಡಬ್ಬಿ, ಬದುಕಿದೆಯೋ ಸತ್ತಿದೆಯೋ ಹೊರಗಿನಿಂದ ತಿಳಿಯುವಂತೆಯೂ ಇರಲಿಲ್ಲ.

ಇಂಜಿನಿಯರುಗಳು ನೋಡಲು ಬರುವ ದಿನ ಬೆಳಿಗ್ಗೆ ಪ್ಯಾನೆಲ್ಲು ನೋಡಿದೆ. ಅರಿಸಿನ ಗಾರೆಯ ಹಾಗೆ ಗಟ್ಟಿಯಾಗಿತ್ತು. ಸಾಹೇಬರು ನಗುತ್ತಾರೆಂದು ನಾಚಿಕೆಯಾಯಿತು. ಟವೆಲ್ಲು ನೆನೆಸಿ, ಕಣ್ಣುಮುಚ್ಚಿ ತಪ್ಪಾಯಿತು ಅಂದುಕೊಂಡು, ಗಾಜು ಹೊಳೆಯುವವರೆಗೆ ತಿಕ್ಕಿದೆ.

ಅವರು ಬಂದರು, ಜೊತೆಗೆ ಅಕ್ಕನ ಮಗಳೂ ಬಂದಳು. ಅವಳು ಡಬ್ಬಿ ತೆರೆದಳು. ಎಷ್ಟೋ ದಿನದ ಹಿಂದೆಯೇ ಹಲಗೆ ಅಳೆಯುವುದನ್ನು ನಿಲ್ಲಿಸಿತ್ತು. ಬ್ಯಾಟರಿ ಬರಿದಾಗಿತ್ತು. ಪ್ಯಾನೆಲ್ಲನ್ನು ಮೀಟರಿಟ್ಟು ನೋಡಿದಳು, ಅದು ಚೆನ್ನಾಗಿಯೇ ಇತ್ತು. ವೈರು ಬಿಚ್ಚಿ, ಸೇರಿಸಿ, ಮತ್ತೆ ಬಿಚ್ಚಿ ನೋಡಿದಳು. ಜೀಪಿನವರು ಹಾರನ್ ಹೊಡೆದರು.

"ನನ್ ಲೆಕ್ಕಾನೇ ತಪ್ಪಿರ್ಬೇಕು ಮಾವ. ಎಲ್ಲೋ ಸೋರ್ತಾ ಅದೆ, ಎಲ್ಲಿ ಅಂತ ಗೊತ್ತಾಯ್ತಿಲ್ಲ."

ಒದ್ದೆ ಟವೆಲ್ಲು ನನ್ನ ಹೆಗಲ ಮೇಲೇ ಇತ್ತು, ಅರಿಸಿನದ ಕಲೆ ಒಳಮಡಿಕೆಯಲ್ಲಿ. ಹೇಳಬೇಕೆಂದು ಬಾಯಿ ತೆರೆದೆ.

"ನೀರು ಕುಡೀತೀಯೇನವ್ವ?" ಎಂದೆ.

ಡಬ್ಬಿಯನ್ನು ವಾಪಸು ಕಳಿಸಿದರು. ಅವಳ ಕೆಲಸ ಉಳಿಯಲಿಲ್ಲ. ಮುಂದೆ ಅರಕಲಗೂಡಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಳು. ಆಯುಧಪೂಜೆಗೆ ದೊಡ್ಡವರೆಂದು ನನ್ನನ್ನೇ ಕರೆಯುತ್ತಾಳೆ. ಮಿಷಿನ್ನಿನ ಗಾಜು ಬಿಟ್ಟು ಪಕ್ಕಕ್ಕೆ, ಕಾಳಿನಷ್ಟು ಕುಂಕುಮ ಇಡುತ್ತೇನೆ. ಊಟಕ್ಕೆ ಕೂತಾಗ ತಮಾಷೆಗೆ ಅನ್ನುವ ಹಾಗೆ ಕೇಳುತ್ತಾಳೆ, ಅದು ಎಲ್ಲಿ ಸೋರುತ್ತಿತ್ತು ಅಂತೀಯ ಮಾವ ಎಂದು. ಕೇಳಿ, ಸ್ವಲ್ಪ ಹೊತ್ತು ನನ್ನ ಮುಖ ನೋಡುತ್ತಾಳೆ. ನಾನು ಅನ್ನ ಕಲಸುತ್ತೇನೆ.

ನಾನು ತಪ್ಪಾಯಿತು ಎಂದದ್ದು ಆ ಪ್ಯಾನೆಲ್ಲಿನ ಕುಂಕುಮಕ್ಕೆ. ಅನ್ನಬೇಕಾಗಿದ್ದದ್ದು ಅವಳಿಗೆ, ನನ್ನ ಅಕ್ಕನ ಮಗಳಿಗೆ.