ಬಾರದ ನಕ್ಷತ್ರಕ್ಕೆ ಮೂವತ್ತೆಂಟು ವರ್ಷದ ಕಾವಲು

ಸಿಡಿಯುವ ನಕ್ಷತ್ರಗಳಿಂದ ಹೊರಟ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳನ್ನು ಹಿಡಿಯುವ ವಿದ್ಯೆಯಲ್ಲಿ ಕೀರ್ತಿ ಪಡೆದವರು ಪ್ರಬಂಧ ಬರೆದವರು. ಆ ವಿದ್ಯೆಯನ್ನು ದಿನದಿನವೂ ಉಳಿಸಿಕೊಂಡು ಬಂದವರು ಶ್ರೀ ಓಗಿವಾರ ಶಿಗೆನೊಬು ಅವರಂಥವರು. ಜಪಾನಿನ ಹಿದಾ ಬೆಟ್ಟಗಳ ಕುರೊಮಾತ್ಸು ಹಳೆ ಗಣಿಯೊಳಗೆ ಸಾವಿರಾರು ಟನ್ ಶುದ್ಧ ನೀರು ತುಂಬಿದ ನಮ್ಮ ತೊಟ್ಟಿಯನ್ನೂ ಆ ಕಣಗಳು ನೀರಿನಲ್ಲಿ ಎಬ್ಬಿಸುವ ಮಿನುಗನ್ನು ಹಿಡಿಯುವ ಗೋಡೆಯ ಗಾಜಿನ ಕಣ್ಣುಗಳನ್ನೂ ಮೂವತ್ತೆಂಟು ವರ್ಷ ಕಾಯ್ದ ಈ ಹಿರಿಯರ ನಿವೃತ್ತಿಯ ಸಂದರ್ಭದಲ್ಲಿ ನಾಲ್ಕು ಮಾತು ಬರೆಯುವ ಭಾಗ್ಯ ನನ್ನ ಪಾಲಿಗೆ ಬಂದಿದೆ.

ಅವರು ಸೇವೆಗೆ ಸೇರಿದ್ದು ೧೯೮೮ರಲ್ಲಿ. ಹಿಂದಿನ ವರ್ಷವಷ್ಟೇ ನೆರೆಯ ಗೆಲಾಕ್ಸಿಯ ನಕ್ಷತ್ರವೊಂದು ಸಿಡಿದು, ಅದರ ಹಿಡಿಯಷ್ಟು ನ್ಯೂಟ್ರಿನೊಗಳು ಭೂಮಿಯಲ್ಲಿ ಸಿಕ್ಕಿ, ವಿಜ್ಞಾನಲೋಕವೇ ಸಂಭ್ರಮಿಸಿತ್ತು. ಹಬ್ಬ ಮುಗಿದ ಮಾರನೆಯ ದಿನ ಬಂದ ನೆಂಟ ತಾನೆಂದು ಅವರು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಿದ್ದರು. ನಮ್ಮದೇ ಆಕಾಶಗಂಗೆಯ ಒಂದು ನಕ್ಷತ್ರ ತಮ್ಮ ಸೇವೆಯ ಅವಧಿಯಲ್ಲಿ ಸಿಡಿಯಬೇಕು, ನಮ್ಮ ಎಚ್ಚರಿಕೆಯ ಗಂಟೆ ಮೊಳಗಬೇಕು ಎಂಬುದೊಂದೇ ಅವರ ಆಸೆ. ಸಿಡಿತದ ಬೆಳಕು ನಕ್ಷತ್ರದ ಒಡಲಿನಿಂದ ಹೊರಬರುವುದಕ್ಕೆ ಕೆಲವು ಗಂಟೆ ಮೊದಲೇ ನ್ಯೂಟ್ರಿನೊಗಳು ಹೊರಟಿರುತ್ತವೆ. ನಾವು ಕೂಡಲೇ ಕೂಗಿ ಹೇಳಿದರೆ ಜಗತ್ತಿನ ದೂರದರ್ಶಕಗಳು ಮೊದಲ ಬೆಳಕಿಗೆ ಸಜ್ಜಾಗಬಹುದು.

ನಾನು ಇಲ್ಲಿ ಕೆಲಸಕ್ಕೆ ಸೇರಿದ ಎರಡನೆಯ ವರ್ಷದ ನನ್ನ ತಪ್ಪೊಂದನ್ನು ಮುಚ್ಚಿಟ್ಟರೆ ಈ ಲೇಖನ ಸುಳ್ಳಾಗುತ್ತದೆ. ಕೆಲಸ ಮುಗಿಸಿದಾಗಲೂ ಪಾಳಿ ಒಪ್ಪಿಸುವಾಗಲೂ ಪ್ರತಿ ಸ್ವಿಚ್ಚಿನತ್ತ ಬೆರಳು ತೋರಿಸಿ ಅದರ ಸ್ಥಿತಿಯನ್ನು ಗಟ್ಟಿಯಾಗಿ ಕೂಗುವುದು ನಮ್ಮಲ್ಲಿ ವಾಡಿಕೆ. ಉಪಕರಣದ ಪರೀಕ್ಷೆಗೆಂದು ಗಂಟೆಯನ್ನು ಆಫ್ ಮಾಡಿದ್ದ ನಾನು, ಪರೀಕ್ಷೆ ಮುಗಿದ ಮೇಲೆ ಎಂದಿನಂತೆ ಬೆರಳು ಚಾಚಿ ‘ಗಂಟೆ ಆನ್’ ಎಂದು ಕೂಗಿದೆ. ಬೆರಳು ಸರಿಯಾದ ಕಡೆಗಿತ್ತು, ಬಾಯಿ ಸರಿಯಾಗಿ ನುಡಿಯಿತು, ಕಣ್ಣು ಮಾತ್ರ ನೋಡಲಿಲ್ಲ. ಐವತ್ತು ನಿಮಿಷಗಳ ನಂತರ ಪಾಳಿಗೆ ಬಂದ ಓಗಿವಾರ ಅವರ ಬೆರಳು ಆ ಸ್ವಿಚ್ಚಿನ ಮುಂದೆ ನಿಂತುಬಿಟ್ಟಿತು. ಅವರ ಮುಖ ಬಿಳಿಚಿಕೊಂಡಿದ್ದನ್ನು ನಾನು ಮರೆತಿಲ್ಲ. ಅವರ ನಕ್ಷತ್ರ ಅಷ್ಟರಲ್ಲಿ ಬಂದುಹೋಗಿದ್ದರೆ? ಗಂಟೆ ಮೂಕವಾಗಿದ್ದರೂ ದಾಖಲೆ ನಡೆದೇ ಇತ್ತು; ಇಬ್ಬರೂ ಕುಳಿತು ಸಾಲುಸಾಲಾಗಿ ನೋಡಿದೆವು. ಏನೂ ಇರಲಿಲ್ಲ. ನಾನು ರಾಜೀನಾಮೆ ಬರೆದುಕೊಟ್ಟೆ. ಅವರು ಅದನ್ನು ಓದದೆ ಮಡಚಿ, ಅಲ್ಲಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ಒತ್ತಾಗಿ ಇಟ್ಟರು.

ಮರುದಿನದಿಂದ ಒಂದು ತಿಂಗಳು ಅವರು ಪ್ರತಿ ಪಾಳಿಯಲ್ಲೂ ಒಂದು ಸ್ವಿಚ್ಚನ್ನು ಬೇಕೆಂದೇ ತಪ್ಪಾಗಿ ಕೂಗಿದರು. ನಾನು ತಡೆಯದಿದ್ದರೆ ಎಲ್ಲರಿಗೂ ಚಹಾ ನಾನೇ ಮಾಡಬೇಕು. ಮೊದಲ ವಾರವೆಲ್ಲ ಚಹಾ ಮಾಡಿ ಸುಸ್ತಾದೆ. ಆಮೇಲೆ ನೋಡಲು ಕಲಿತೆ. ಹೊಸಬರಿಗೆ ಈಗ ನಾನೂ ಹಾಗೆಯೇ ಕಲಿಸುತ್ತೇನೆ. ನಾನು ಈ ಕೆಲಸದಲ್ಲಿ ಉಳಿದದ್ದು ಅವರಿಂದ.

ಹೇಳಲು ಸಂಕಟವಾಗುತ್ತದೆ, ಆ ನಕ್ಷತ್ರ ಬರಲಿಲ್ಲ. ಅವರ ಸೇವೆಯ ಕೊನೆಯ ದಿನ, ಮಾರ್ಚ್ ಮೂವತ್ತೊಂದು, ಬಂದೇಬಿಟ್ಟಿತು. ಗಂಟೆ ಮೊಳಗಿದಾಗ ಯಾರಿಗೆ ಯಾವ ಕ್ರಮದಲ್ಲಿ ಫೋನ್ ಹೋಗಬೇಕೆಂಬ ಪಟ್ಟಿ ನನ್ನ ಸುಪರ್ದಿಯಲ್ಲಿದೆ. ನಿವೃತ್ತರ ಹೆಸರನ್ನು ತೆಗೆಯುವುದು ನಿಯಮ. ನಾನು ತೆಗೆಯುವ ಬದಲು ಅವರ ಮನೆಯ ನಂಬರನ್ನು ಮೊದಲ ಸಾಲಿಗೇರಿಸಿದೆ. ಬೀಳ್ಕೊಡುಗೆಯ ಮಧ್ಯಾಹ್ನ ತೋರಿಸಿದಾಗ ಅವರ ಕಣ್ಣು ತುಂಬಿತು. ಆದರೂ ಬೈದರು.

“ಇದೇನಮ್ಮ ಇನುಕಾಯ್, ತಲೆ ನೆಟ್ಟಗಿದೆಯಾ? ನಾನು ಕನ್ನಡಕ ಹುಡುಕಿ ಫೋನ್ ಎತ್ತೋ ಹೊತ್ತಿಗೆ ಚಿಲಿಯ ದೂರದರ್ಶಕದವರ ಐದು ನಿಮಿಷ ಹಾಳು. ತೆಗಿ ಅದನ್ನ.”

“ಹಾಗಾದ್ರೆ ಕೊನೇಲಿ ಹಾಕ್ತೀನಿ, ಓಗಿವಾರ ಸಾನ್.”

“ಎಲ್ಲರಿಗೂ ಹೇಳಿ ಆದ್ಮೇಲೆ ತಾನೆ?”

“ಎಲ್ಲರಿಗೂ ಹೇಳಿ ಆದ್ಮೇಲೆ.”

ಅವರು ಪಟ್ಟಿಯ ಕೊನೆಯ ಸಾಲಿನತ್ತ ಬೆರಳು ಚಾಚಿದರು. “ಸರಿ, ಹಾಕು” ಎಂದರು.

ಈಗ ಅವರ ನಂಬರು ಪಟ್ಟಿಯ ಕಟ್ಟಕಡೆಗಿದೆ. ಆ ನಕ್ಷತ್ರ ಎಂದೋ ಸಿಡಿದು, ಸುದ್ದಿ ಸಾವಿರಾರು ವರ್ಷಗಳಿಂದ ದಾರಿಯಲ್ಲಿರಬಹುದು. ಅದು ಬಂದು ಮುಟ್ಟುವವರೆಗೆ ಅವರಿಗೆ ಆಯುಸ್ಸೂ ಆರೋಗ್ಯವೂ ಇರಲಿ, ಹಿತ್ತಲಿನ ಮೂಲಂಗಿ ಪಾತಿಗಳಲ್ಲಿ ಕೈತುಂಬ ಕೆಲಸವಿರಲಿ. ಅಂದು ಫೋನ್ ಎತ್ತಲು ಅವರೇ ಇರಬೇಕು. ಕನ್ನಡಕ ಹುಡುಕಲು ಎಷ್ಟು ಹೊತ್ತಾದರೂ ಆಗಲಿ, ನಾನು ಫೋನ್ ಇಡದೆ ಕಾಯುತ್ತೇನೆ.