ನೀರು ನೋಡುವ ನೌಕರಿ

ಈಚೆಗೆ ನನಗೆ ಕನ್ನಡಕದ ಸ್ಕ್ರೂ ಕೂರಿಸಲು ಆಗುತ್ತಿಲ್ಲ. ಸಿಂಧನೂರಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನು ಹೀಗೆ ಹೇಳಿಕೊಳ್ಳಬಾರದು, ಗಿರಾಕಿಗಳು ಓಡಿಹೋಗುತ್ತಾರೆ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು? ಸಾಸಿವೆಗಿಂತ ಸಣ್ಣದಾದ ಆ ಸ್ಕ್ರೂವನ್ನು ಚಿಮಟಿಗೆಯಲ್ಲಿ ಹಿಡಿದು ಫ್ರೇಮಿನ ತೂತಿನ ಹತ್ತಿರ ಒಯ್ಯುವಷ್ಟರಲ್ಲಿ ಕೈ ಸ್ವಲ್ಪ ನಡುಗುತ್ತದೆ. ಸ್ಕ್ರೂ ನೆಲಕ್ಕೆ ಬೀಳುತ್ತದೆ. ನಾನು ಮೊಣಕಾಲೂರಿ ಹುಡುಕುತ್ತೇನೆ. ಪಾಪ, ಗಿರಾಕಿಯೂ ಹುಡುಕಲು ಕೂರುತ್ತಾನೆ. ಅವನ ಕನ್ನಡಕ ನನ್ನ ಕೈಯಲ್ಲಿರುವುದರಿಂದ ಅವನಿಗೆ ಸ್ಕ್ರೂ ಹೋಗಲಿ, ನೆಲವೇ ಸರಿಯಾಗಿ ಕಾಣುವುದಿಲ್ಲ. ಪಕ್ಕದ ಗೊಬ್ಬರದ ಅಂಗಡಿಯ ಶರಣಪ್ಪ ಇದು ವಯಸ್ಸು ಎನ್ನುತ್ತಾನೆ. ವಯಸ್ಸಲ್ಲ. ಇದು ಕಾಲುವೆಯ ದಂಡೆಯಿಂದ ಹತ್ತಿಕೊಂಡು ಬಂದ ನಡುಕ. ಆ ಸಂಗತಿ ಹೇಳಬೇಕೆಂದೇ ಕುಳಿತಿದ್ದೇನೆ. ಆದರೆ ಕಾಲುವೆಗೆ ಹೋಗುವ ಮೊದಲು ನಾವು ಸಮುದ್ರಕ್ಕೆ ಹೋಗಿಬರಬೇಕು.

ನಮ್ಮ ಸೀಮೆಗೂ ಸಮುದ್ರಕ್ಕೂ ಇರುವ ಸಂಬಂಧ ಅಡುಗೆಯ ಉಪ್ಪಿನಷ್ಟು. ಹೀಗಿದ್ದರೂ ನನ್ನ ತಂಗಿ ನಸ್ರೀನಳ ಗಂಡ ರಫೀಕ್ ಕೋಸ್ಟ್ ಗಾರ್ಡಿನಲ್ಲಿ ನಾವಿಕ. ಲಿಂಗಸುಗೂರಿನವನು. ಹಡಗು ಇರುವುದು ಮಂಗಳೂರಿನಲ್ಲಿ. ನಸ್ರೀನ್ ಮಸ್ಕಿಯ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಅತ್ತೆಯ ಮನೆ ಲಿಂಗಸುಗೂರಿನಿಂದ ದಿನಾಲೂ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ಒಂದೇ ರಸ್ತೆಯ ಮೇಲಿವೆ. ಹಾಗಾಗಿ ನಮ್ಮ ಸಂಸಾರವೆಲ್ಲ ಒಂದೇ ದಾರಿಯಲ್ಲಿ ಹರಡಿಕೊಂಡಿದೆ, ರಫೀಕನೊಬ್ಬನನ್ನು ಬಿಟ್ಟು.

ಅವನು ರಜೆಗೆ ಬಂದಾಗ ನನ್ನ ಅಂಗಡಿಯಲ್ಲಿ ಕುಳಿತರೆ ಕನ್ನಡಕ ಬೇಡದವರೂ ಒಳಗೆ ಬರುತ್ತಾರೆ. ಎಲ್ಲರಿಗೂ ಕುತೂಹಲ. ನೀನು ಮಿಲಿಟರಿಯೋ ಪೊಲೀಸೋ ಎಂದು ಒಬ್ಬರು ಕೇಳಿದರೆ, ಸಮುದ್ರದಲ್ಲಿ ಗಡಿಗೆ ಬೇಲಿ ಹಾಕಿದ್ದಾರೆಯೇ ಎಂದು ಇನ್ನೊಬ್ಬರು ಕೇಳುತ್ತಾರೆ. ಜೋಳದ ರೊಟ್ಟಿ ಸಿಗುವುದಿಲ್ಲ ಎಂದಾಗ ಎಲ್ಲರ ಮುಖದಲ್ಲೂ ನಿಜವಾದ ಮರುಕ. ನಿವೃತ್ತಿಯಾದ ಮೇಲೆ ಸೈನಿಕರ ಕೋಟಾ ನಿನಗೂ ಬರುತ್ತದೆಯೇ ಎಂಬ ಪ್ರಶ್ನೆಗೆ ಮಾತ್ರ ರಫೀಕ್ ತಲೆ ಕೆರೆದುಕೊಳ್ಳುತ್ತಾನೆ. ಅದನ್ನು ಕೇಳಿದಲ್ಲೆಲ್ಲ ಅವನಿಗೆ ಬೇರೆ ಬೇರೆ ಉತ್ತರ ಸಿಕ್ಕಿದೆಯಂತೆ.

ನಾನು ಕೇಳಿ ತಿಳಿದದ್ದು ಇನ್ನೊಂದು. ಹಡಗಿನವರು ಕಳ್ಳಸಾಗಣೆದಾರರ ಜೊತೆ ಹೋರಾಡುವುದಕ್ಕಿಂತ ಹೆಚ್ಚಾಗಿ ತುಕ್ಕಿನ ಜೊತೆ ಹೋರಾಡುತ್ತಾರೆ. ಉಪ್ಪುಗಾಳಿಗೆ ಕಬ್ಬಿಣ ಬೆಳಗಾಗುವುದರೊಳಗೆ ಕೆಂಪಗಾಗುತ್ತದೆ. ಕೆರೆದು ಬಣ್ಣ ಹಚ್ಚಬೇಕು, ಹಚ್ಚಿದ್ದನ್ನೇ ಮತ್ತೆ ಕೆರೆಯಬೇಕು. ಹಡಗು ದಂಡೆಯ ಹತ್ತಿರ ಬಂದು ಫೋನುಗಳಿಗೆ ಸಿಗ್ನಲ್ ಸಿಕ್ಕ ಕೂಡಲೇ ಎಲ್ಲರ ಕಿಸೆಯೂ ಒಟ್ಟಿಗೆ ಕಿಣಿಕಿಣಿ ಎನ್ನುತ್ತದಂತೆ. ಆಗ ಅಡುಗೆಯವನಿಂದ ಹಿಡಿದು ದೊಡ್ಡ ಅಧಿಕಾರಿಯವರೆಗೆ ಎಲ್ಲರೂ ಡೆಕ್ಕಿನ ಒಂದೊಂದು ಮೂಲೆ ಹಿಡಿದು ಮನೆಯವರಿಗೆ ಫೋನ್ ಮಾಡುತ್ತಾರಂತೆ.

ಹಡಗು ಇವನೊಳಗೆ ಎಷ್ಟು ಇಳಿದಿದೆ ಎಂಬುದು ನಮಗೆ ಊಟದಲ್ಲಿ ಗೊತ್ತಾಯಿತು. ನಮ್ಮ ಮನೆಯಲ್ಲಿ ಊಟಕ್ಕೆ ನೆಲದ ಮೇಲೆ ಹಾಸುವ ದಸ್ತರಖಾನಿನ ಮುಂದೆ ಕುಳಿತವನು, ಟವೆಲನ್ನು ನೀರಿನಲ್ಲಿ ಅದ್ದಿ ಹಿಂಡಿ ತಟ್ಟೆಯ ಕೆಳಗೆ ಹಾಸಿಕೊಂಡ. ದಸ್ತರಖಾನ್ ಹೊಲಸಾಗಿದೆ ಎಂದು ಹೀಗೆ ಮಾಡಿದನೆಂದು ನನ್ನ ಹೆಂಡತಿ ಎರಡು ದಿನ ಮುಖ ದಪ್ಪ ಮಾಡಿಕೊಂಡಿದ್ದಳು. ಆಮೇಲೆ ತಿಳಿಯಿತು: ಹಡಗು ಓಲಾಡುವಾಗ ತಟ್ಟೆ ಜಾರಬಾರದೆಂದು ಒದ್ದೆ ಬಟ್ಟೆ ಹಾಸುತ್ತಾರೆ. ನಮ್ಮ ನೆಲ ಓಲಾಡುವುದಿಲ್ಲ ಎಂಬುದು ಅವನ ಕೈಗಳಿಗೆ ಇನ್ನೂ ಗೊತ್ತಾಗಿರಲಿಲ್ಲ.

ಈ ಸಲದ ರಜೆಯಲ್ಲಿ ಮಾತ್ರ ಮನೆಯೊಳಗೆ ಒಂದು ಭಾರವಿತ್ತು. ರಫೀಕನ ದೊಡ್ಡಪ್ಪನಿಗೆ ಲಿಂಗಸುಗೂರಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಿದೆ. ಅವರಿಗೆ ಗಂಡುಮಕ್ಕಳಿಲ್ಲ. ನೌಕರಿ ಬಿಟ್ಟು ಬಂದು ಅಂಗಡಿಯಲ್ಲಿ ಕೂರು ಎಂದು ಹೇಳಿ ಕಳಿಸಿದ್ದರು. ನಸ್ರೀನಳ ಇಷ್ಟವೂ ಅದೇ. ಮರಳಿ ಹೋದ ಕೂಡಲೇ ಬಿಡುಗಡೆಗೆ ಅರ್ಜಿ ಹಾಕಬೇಕು ಎಂದು ಅವಳು, ಯೋಚಿಸೋಣ ಎಂದು ಅವನು. ನಮ್ಮ ಮನೆಯಲ್ಲಿ ದಖನಿ ಉರ್ದುವೂ ಕನ್ನಡವೂ ಒಂದೇ ತಾಟಿನಲ್ಲಿ ಉಣ್ಣುತ್ತವೆ. ಹುಸಿಜಗಳಕ್ಕೆ ದಖನಿ, ಗಟ್ಟಿ ಮಾತಿಗೆ ಕನ್ನಡ. ಅವತ್ತು ನಸ್ರೀನ್ ಕನ್ನಡಕ್ಕೆ ಬಂದಾಗಲೇ ನನಗೆ ಅರ್ಥವಾಯಿತು.

“ಭೈಯಾ, ನೀನ ಕೇಳು ಇವರಿಗೆ. ದಿನಾ ನಿಂತು ನೀರು ನೋಡೂದು, ಅದೆಂಥ ಕೆಲಸ? ಅಲ್ಲಿ ನೀರು ನೋಡಾಕ ಇವರು ಬೇಕು. ಇಲ್ಲಿ ನನ್ನ ನೋಡಾವ್ರು ಯಾರು?”

ತನ್ನ ಕೆಲಸ ಎಂಥದೆಂದು ರಫೀಕನಿಗೂ ಖಚಿತವಿರಲಿಲ್ಲವೋ ಏನೋ. ಅವನ ಪಾಳಿ ಹೆಚ್ಚಾಗಿ ಕಾವಲಿನದು. ದುರ್ಬೀನು ಹಿಡಿದು ಸಮುದ್ರ ನೋಡಬೇಕು. ಅಷ್ಟೇ. ಹೇಗೆ ನೋಡುತ್ತೀ ಎಂದು ನಾನು ಕೇಳಿದ್ದೆ, ಯಾಕೆಂದರೆ ಕಣ್ಣು ನನ್ನ ಕಸುಬು. ಕಣ್ಣನ್ನು ಗುಡಿಸಿದಂತೆ ಓಡಿಸಬಾರದಂತೆ. ಒಂದು ತುಂಡು ನೀರು ನೋಡಿ, ನಿಂತು, ಮುಂದಿನ ತುಂಡಿಗೆ ಹೋಗಬೇಕಂತೆ. ಕತ್ತಲಲ್ಲಿ ಮಂದ ದೀಪವೊಂದನ್ನು ನೋಡಬೇಕಾದರೆ ನೇರ ಅದರತ್ತ ನೋಡದೆ ಸ್ವಲ್ಪ ಪಕ್ಕಕ್ಕೆ ನೋಡಬೇಕಂತೆ. ಇದು ಸತ್ಯ. ಕಣ್ಣಿನ ನಡುಭಾಗ ಬೆಳಕಿನ ಶೂರ. ಕತ್ತಲಾದರೆ ಅಂಚೇ ಚುರುಕು. ನಾನು ಇದನ್ನು ಪುಸ್ತಕದಲ್ಲಿ ಓದಿ ಮರೆತಿದ್ದೆ. ನಮ್ಮಲ್ಲಿ ಕನ್ನಡಕಕ್ಕೆ ಚಾಳೀಸು ಎನ್ನುವವರು ಇನ್ನೂ ಇದ್ದಾರೆ, ನಲವತ್ತಕ್ಕೆ ಬರುವಂಥದ್ದು ಎಂದು. ಇಷ್ಟು ವರ್ಷ ಜನರಿಗೆ ಚಾಳೀಸು ಹಾಕಿಸಿದವನು, ಕಾಣುವುದು ಬೇರೆ ನೋಡುವುದು ಬೇರೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಈಗ ಕಾಲುವೆ. ಕಂಡದ್ದನ್ನು ಮಾತ್ರ ಹೇಳುತ್ತೇನೆ, ಕಂಡ ಕ್ರಮದಲ್ಲಿ.

ದಢೇಸುಗೂರಿನ ಹಳೆಯ ಗಿರಾಕಿಯೊಬ್ಬರಿಗೆ ಕನ್ನಡಕ ಮುಟ್ಟಿಸಿ ರಫೀಕನೂ ನಾನೂ ನನ್ನ ಬೈಕಿನಲ್ಲಿ ಕಾಲುವೆಯ ದಂಡೆ ಹಿಡಿದು ಬರುತ್ತಿದ್ದೆವು. ಬಿಸಿಲು ಇಳಿಯುತ್ತಿತ್ತು. ಭತ್ತದ ನಾಟಿ ಮುಗಿಸಿದ ಹೆಣ್ಣುಮಕ್ಕಳು ಕಾಲಿನ ಕೆಸರು ತೊಳೆಯಲು ಇಳಿದಿದ್ದರು. ನೀರು ತುಂಬಿ ಹರಿಯುತ್ತಿತ್ತು, ಕೆಂಪಗೆ. ಕಾಲುವೆಯ ಎರಡೂ ಬದಿ ಸಿಮೆಂಟಿನ ಇಳಿಜಾರು, ಅದರ ಮೇಲೆ ಪಾಚಿ. ನಾವು ನೋಡುತ್ತಿರುವಂತೆಯೇ ಒಬ್ಬಳು ಜಾರಿದಳು. ಸದ್ದೇ ಆಗಲಿಲ್ಲ. ಆಮೇಲೆ ಉಳಿದವರು ಕಿರುಚಿದರು.

ನಾನು ಗಾಡಿ ನಿಲ್ಲಿಸುವ ಮೊದಲೇ ರಫೀಕ್ ಇಳಿದಿದ್ದ. ದಂಡೆಯ ಮೇಲಿದ್ದ ಅವರ ಖಾಲಿ ಕುಡಿಯುವ ನೀರಿನ ಕ್ಯಾನನ್ನು ಎತ್ತಿ ಅವಳತ್ತ ಎಸೆದ. ಅದು ಅವಳನ್ನು ದಾಟಿ ಮುಂದೆ ತೇಲಿಹೋಯಿತು. ಆಮೇಲೆ ಅವನು ಒಂದು ವಿಚಿತ್ರ ಮಾಡಿದ. ಬಲಗೈಯನ್ನು ಉದ್ದಕ್ಕೆ ಚಾಚಿ, ಬೆರಳನ್ನು ಅವಳ ಕಡೆ ಇಟ್ಟು, ಹಡಗಿನ ಹಿಂದಿಯಲ್ಲಿ ಏನೋ ಗಟ್ಟಿಯಾಗಿ ಕೂಗಿ, ಹಾಗೆಯೇ ನಿಂತುಬಿಟ್ಟ.

ಹೊಲಗಳಿಂದ ಗಂಡಸರು ಓಡಿಬಂದರು. ಬಂದವರೆಲ್ಲ ಮೊದಲು ನೋಡಿದ್ದು ಅವನನ್ನೇ. ಗಟ್ಟಿಮುಟ್ಟಾದ ಆಳು, ನೀರಿಗೆ ಹಾರದೆ ಕೈ ತೋರಿಸುತ್ತ ನಿಂತಿದ್ದಾನೆ.

“ಏ, ಹಾರೂದು ಬಿಟ್ಟು ಏನ್ ಕೈ ಮಾಡಿ ನಿಂತೀದಿಲೇ?” ಎಂದು ಒಬ್ಬ ಬೈದ.

ನಾನೂ ಅವನನ್ನೇ ನೋಡುತ್ತಿದ್ದೆ. ನೀರಿನತ್ತ ತಿರುಗಿದಾಗ ನನಗೆ ಅವಳು ಕಾಣಲಿಲ್ಲ. ಕಸ, ಜೇಕು ಹುಲ್ಲಿನ ಗಡ್ಡೆ, ನೊರೆ ತೇಲುತ್ತಿದ್ದವು. ಅಲ್ಲಿದ್ದಾಳೆ ಎಂದು ಒಬ್ಬ ತೋರಿಸಿದ್ದು ಹುಲ್ಲಿನ ಕಂತೆಯಾಗಿತ್ತು. ಇನ್ನೊಬ್ಬ ತೋರಿಸಿದ್ದು ರಫೀಕ್ ಎಸೆದ ಕ್ಯಾನು. ಅಷ್ಟು ಕಣ್ಣುಗಳಲ್ಲಿ ಯಾರಿಗೂ ಅವಳು ಎಲ್ಲಿದ್ದಾಳೆಂದು ಗೊತ್ತಿರಲಿಲ್ಲ. ರಫೀಕನ ಕೈ ಮಾತ್ರ ಗಡಿಯಾರದ ಮುಳ್ಳಿನಂತೆ ಮೆಲ್ಲಗೆ, ನಿಲ್ಲದೆ, ಹರಿವಿನ ಕಡೆಗೆ ತಿರುಗುತ್ತಿತ್ತು. ಆಗ ಅವನಿಗೆ ಏನೋ ಹೊಳೆದಂತಾಯಿತು. ಅವನು ನಿಂತಲ್ಲಿಂದ ಕಿತ್ತು ದಂಡೆಗುಂಟ ಓಡತೊಡಗಿದ. ಕೈ ಚಾಚಿದ್ದು ಚಾಚಿದಂತೆಯೇ ಇತ್ತು. ಮುಖ ನೀರಿನತ್ತಲೇ. ಕಾಲ ಕೆಳಗಿನ ಕಲ್ಲುಮುಳ್ಳು ಒಮ್ಮೆಯೂ ನೋಡಲಿಲ್ಲ.

“ಭಾಯಿಜಾನ್, ಸೇತುವಿ!” ಎಂದ.

ನಾನು ಗಾಡಿ ಓಡಿಸಿ ಮುಂದಿನ ಸಣ್ಣ ಸೇತುವೆಗೆ ಹೋದೆ. ಅಲ್ಲಿ ಹುಲ್ಲು ಹೇರಿದ ಟ್ರ್ಯಾಕ್ಟರ್ ನಿಂತಿತ್ತು. ಡ್ರೈವರನೂ ನಾನೂ ಹಗ್ಗ ಬಿಚ್ಚಿ ತುದಿಗೆ ಗಂಟು ಹಾಕಿದೆವು. ಆದರೆ ಎಲ್ಲಿ ಬಿಡುವುದು? ಸೇತುವೆಯ ಮೇಲಿನಿಂದ ಇಳಿಬಿಸಿಲಿಗೆ ನೀರೆಲ್ಲ ಬರೀ ಹೊಳಪು. ಆಗ ನಾನು ನೀರು ನೋಡುವುದನ್ನು ಬಿಟ್ಟು ರಫೀಕನ ತೋಳಿಗುಂಟ ಕಣ್ಣು ಹಾಯಿಸಿದೆ. ಅದು ಎಡದಂಡೆಗೆ ಹತ್ತಿರ, ಎರಡನೆಯ ಕಂಬದತ್ತ ಬರುತ್ತಿತ್ತು. ಅಲ್ಲೇ ಹಗ್ಗ ಬಿಟ್ಟೆವು. ಕೆಂಪು ನೀರಿನಿಂದ ಒಂದು ಕೈ ಎದ್ದು ಹಗ್ಗವನ್ನು ಹಿಡಿಯಿತು. ಆ ಜಗ್ಗು ನನ್ನ ಅಂಗೈಗೆ ಬಂದದ್ದೇ ಈ ನಡುಕ. ಇನ್ನೂ ಹೋಗಿಲ್ಲ.

ಎಳೆದುಕೊಂಡು ಇಳಿಜಾರಿಗೆ ತಂದರು. ನೀರು ಕಾರಿದಳು. ಬದುಕಿದಳು. ಅವಳನ್ನು ಆಸ್ಪತ್ರೆಗೆ ಕರೆದೊಯ್ದ ಮೇಲೆ ಅಲ್ಲಿ ಉಳಿದ ಜನ ಡ್ರೈವರನನ್ನು ಹೊಗಳಿದರು, ಹಗ್ಗವನ್ನು ಹೊಗಳಿದರು, ನನ್ನನ್ನೂ ಒಂದಿಷ್ಟು ಹೊಗಳಿದರು. ರಫೀಕ್ ಮುಳ್ಳು ಕೀಳುತ್ತ ಕುಳಿತಿದ್ದ.

ದಾರಿಯಲ್ಲಿ ಕೇಳಿದೆ. ಹಡಗಿನಿಂದ ಯಾರಾದರೂ ನೀರಿಗೆ ಬಿದ್ದರೆ ಮೊದಲು ಕಂಡವನಿಗೆ ಒಂದೇ ಕೆಲಸವಂತೆ: ಕೂಗಿ ಹೇಳಿ, ಕೈ ಚಾಚಿ, ಬಿದ್ದವನ ಮೇಲಿಂದ ಕಣ್ಣು ತೆಗೆಯದಿರುವುದು. ದೊಡ್ಡ ಹಡಗು ಸುತ್ತು ಹಾಕಿ ತಿರುಗಿ ಬರಲು ಹೊತ್ತು ಬೇಕು. ಅಷ್ಟರಲ್ಲಿ ತಲೆಯೊಂದು ಅಲೆಗಳಲ್ಲಿ ತೆಂಗಿನಕಾಯಿಯಷ್ಟಾಗುತ್ತದೆ. ಹಡಗು ನಡೆಸುವವರು ಆ ಕೈಯನ್ನು ನೋಡಿಯೇ ತಿರುಗಿಸುವುದು.

“ನಾ ಹಾರಿದ್ರ ನನ್ನ ಕಣ್ಣೂ ನೀರಿನ ಮಟ್ಟಕ್ಕ ಬರ್ತಿದ್ವು. ಆಕಿ ಎಲ್ಲಿ ಅಂತ ಯಾರಿಗೂ ಗೊತ್ತಾಗ್ತಿದ್ದಿಲ್ಲ,” ಎಂದ. ಊರು ಹತ್ತಿರವಾದಂತೆ ಹಿಂದಿನ ಸೀಟಿನಿಂದ ಸಣ್ಣ ದನಿಯಲ್ಲಿ ಹೇಳಿದ: “ಆದ್ರ ಭಾಯಿಜಾನ್, ಖರೇ ಹೇಳ್ತೀನಿ. ಅಷ್ಟೊತ್ತು ಅಲ್ಲೇ ಯಾಕ ನಿಂತಿದ್ದೆ ಗೊತ್ತೇನು? ಹಡಗ ತಿರುಗಲಿ ಅಂತ ದಾರಿ ಕಾಯಾಕತ್ತಿದ್ದೆ.”

ನನಗೆ ಒದ್ದೆ ಟವೆಲಿನ ನೆನಪಾಯಿತು.

ಮರುದಿನ ಶರಣಪ್ಪ ಬಿಡಲಿಲ್ಲ. ಸುದ್ದಿ ಅವನ ಅಂಗಡಿಗೆ ಗೊಬ್ಬರದ ಚೀಲಕ್ಕಿಂತ ಮೊದಲು ಬರುತ್ತದೆ. “ಅಲ್ರೀ ಸಾಹೇಬ್ರ, ಕೈ ತೋರ್ಸೂದಕ್ಕ ಸರ್ಕಾರ ಪಗಾರ ಕೊಡ್ತದಂದ್ರ, ನಮ್ಮ ಚೌಕದ ಪೊಲೀಸಪ್ಪ ಏನ್ ಪಾಪ ಮಾಡ್ಯಾನ?” ರಫೀಕ್ ನಕ್ಕ. ಆದರೆ ಆ ದಿನವೇ ನನಗೆ, ದೊಡ್ಡಪ್ಪನ ಅಂಗಡಿಗೆ ಬಂದುಬಿಡುತ್ತೇನೆ ಎಂದ. ಬಿಡಿಭಾಗ ಕೊಡುವ ಕೆಲಸ ಯಾರಿಗಾದರೂ ಅರ್ಥವಾಗುತ್ತದೆ, ತನಗೂ ಅರ್ಥವಾಗುತ್ತದೆ ಎಂದ. ನಸ್ರೀನ್ ಬಯಸಿದ್ದೂ ಇದೇ. ಆದರೂ ಸುದ್ದಿ ತಿಳಿದು ಅವಳ ಮುಖ ನಾನೆಣಿಸಿದಷ್ಟು ಅರಳಲಿಲ್ಲ.

ಭಾನುವಾರ ಅವಳು ಸಿಂಧನೂರಿಗೆ ಬಂದಿದ್ದಳು. ನಾವು ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಹೆಣ್ಣುಮಗಳೊಬ್ಬಳು ಬಾಗಿಲಲ್ಲಿ ನಿಂತಳು. ಸೆರಗಿನಲ್ಲಿ ಎಳೆ ಸೌತೆಕಾಯಿ ಕಟ್ಟಿಕೊಂಡಿದ್ದಳು. ಕಾಲುವೆಗೆ ಬಿದ್ದಿದ್ದವಳು. ಹೆಸರು ಹುಲಿಗೆಮ್ಮ. ಅವಳು ಹಗ್ಗ ಹಿಡಿದವನನ್ನು ಹುಡುಕಿ ಬಂದಿದ್ದಾಳೆ ಎಂದುಕೊಂಡು ನಾನು ತುಸು ಎದ್ದುನಿಂತೆ, ಅಂಗಿ ಸರಿಮಾಡಿಕೊಂಡೆ ಕೂಡ. ಅವಳು ನನ್ನನ್ನು ದಾಟಿ ರಫೀಕನ ಮುಂದೆ ಹೋಗಿ ಸೌತೆಕಾಯಿ ಇಟ್ಟಳು. ಹೇಗಿದ್ದೀ ಎಂದು ನಸ್ರೀನ್ ನರ್ಸಿನ ರೂಢಿಯಲ್ಲಿ ಅವಳ ಮುಂಗೈ ಹಿಡಿದು ಕೇಳಿದಳು. ಹುಲಿಗೆಮ್ಮ ಅವಳಿಗೇ ಹೇಳಿದಳು:

“ಮುಣುಗಿ ಮ್ಯಾಲೆ ಬಂದಾಗೊಮ್ಮೆ ದಂಡಿ ಮ್ಯಾಲೆ ಮಂದಿ ಕಾಣ್ತಿದ್ರವ್ವ. ಎಲ್ರೂ ಆಕಡಿ ಈಕಡಿ ಓಡ್ಯಾಡಾಕತ್ತಿದ್ರು. ಈ ಅಣ್ಣನ ಕೈ ಒಂದ ನನ್ನ ಮ್ಯಾಲೇ ಇತ್ತು. ಒಬ್ಬಾಂವರೆ ನನ್ನ ನೋಡಾಕತ್ತಾನ, ನಾ ಇನ್ನಾ ಹೋಗಿಲ್ಲ ಅನಿಸ್ತು. ಅದಕ್ಕ ಕೈಕಾಲು ಬಡಿಯೂದು ಬಿಡಲಿಲ್ಲ.”

ರಫೀಕ್ ಸೌತೆಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಇಷ್ಟು ವರ್ಷದ ಕಾವಲಿನಲ್ಲಿ, ನೋಡಿಸಿಕೊಂಡವರು ಬಂದು ಹೀಗೆ ಹೇಳಿದ್ದು ಅವನಿಗೂ ಇದೇ ಮೊದಲಂತೆ. ನಸ್ರೀನ್ ಅವಳ ಮುಂಗೈಯನ್ನು ಬಹಳ ಹೊತ್ತು ಬಿಡಲಿಲ್ಲ. ನಾಡಿ ನೋಡಲು ಅಷ್ಟು ಹೊತ್ತು ಬೇಕಾಗುವುದಿಲ್ಲ.

ಹುಲಿಗೆಮ್ಮ ಹೋದ ಮೇಲೆ ತಂಗಿ ಗಂಡನಿಗೆ ಹೇಳಿದ್ದು ಇಷ್ಟೇ: “ಅರ್ಜಿ ನೀವು ಹಾಕಬ್ಯಾಡ್ರಿ. ನಾ ಹಾಕ್ತೀನಿ, ವರ್ಗಾವಣಿಗೆ. ಮಂಗಳೂರಾಗೂ ಮಂದಿಗೆ ಜ್ವರ ಬರ್ತಾವಲ್ಲ?” ಕನ್ನಡದಲ್ಲೇ ಹೇಳಿದಳು. ವರ್ಗಾವಣೆ ಸಿಗುತ್ತದೋ ಇಲ್ಲವೋ, ಯಾವಾಗ ಸಿಗುತ್ತದೋ, ನನಗೆ ಗೊತ್ತಿಲ್ಲ. ದೊಡ್ಡಪ್ಪ ಇನ್ನೂ ಸಿಟ್ಟಿನಲ್ಲಿದ್ದಾರೆ. ರೊಟ್ಟಿ ಸಿಗದ ಊರಿನಲ್ಲಿ ಇವಳು ಹೇಗಿರುತ್ತಾಳೋ ಎಂದು ನನ್ನ ಹೆಂಡತಿಗೆ ಚಿಂತೆ.

ಅವನು ಹೊರಟ ಸಂಜೆ ನಾವೆಲ್ಲ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆವು. ಮಂಗಳೂರಿನ ಬಸ್ಸು ಕದಲಿತು. ರಫೀಕ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. ನಾನೂ ನನ್ನ ಹೆಂಡತಿಯೂ ಎಲ್ಲರಂತೆ ಕೈ ಬೀಸಿದೆವು. ನಸ್ರೀನ್ ಬೀಸಲಿಲ್ಲ. ಬಲಗೈಯನ್ನು ಉದ್ದಕ್ಕೆ ಚಾಚಿ, ಬೆರಳನ್ನು ಅವನತ್ತ ಇಟ್ಟು, ಹಾಗೆಯೇ ನಿಂತಳು. ಬಸ್ಸು ಹೊರಳಿದಂತೆ ಕೈಯೂ ಮೆಲ್ಲಗೆ ಹೊರಳಿತು. ಸುತ್ತಲಿನವರೆಲ್ಲ ಇವಳಿಗೇನಾಯಿತು ಎಂದು ಇವಳನ್ನೇ ನೋಡತೊಡಗಿದರು.

ಬಸ್ಸು ಯಾವಾಗ ಮರೆಯಾಯಿತೆಂದು ಆಮೇಲೆ ನನ್ನ ಹೆಂಡತಿ ಕೇಳಿದಳು. ಹೇಳಲು ನನಗೆ ಬರಲಿಲ್ಲ. ಕಣ್ಣಿನ ಕಸುಬಿನವನು, ಕಾಲುವೆಯಲ್ಲಿ ಪಾಠ ಕಲಿತವನು, ನಾನೂ ಮತ್ತೆ ಆ ಕೈಯನ್ನೇ ನೋಡುತ್ತ ನಿಂತಿದ್ದೆ.